ಕನ್ವೇಯರ್ ಬೇಕು ಅಂದರೆ ಮೊದಲೇ ಎಚ್‌ಪಿ ಕೇಳಬೇಡಿ

ಅಕ್ಟೋಬರ್ ಬಂತು ಅಂದರೆ ಹಾಸನದಲ್ಲಿ ಕನ್ವೇಯರ್ ಮಾಡುವ ನಮ್ಮ ಶೆಡ್‌ಗೆ ಫೋನ್ ಶುರು. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ, ಆಮೇಲೆ ಕಾಫಿ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳ ಗೇಟಿನ ಮುಂದೆ ಲಾರಿ ಸಾಲು. ಅಷ್ಟರೊಳಗೆ ಸರಕು ಸಾಗಿಸುವ ಬೆಲ್ಟ್ ಕನ್ವೇಯರ್ ಕೂರಿಸಿ ಆಗಿರಬೇಕು. ಫೋನ್ ಮಾಡುವವರಲ್ಲಿ ಮುಕ್ಕಾಲು ಪಾಲು ಜನರ ಮೊದಲ ಪ್ರಶ್ನೆ ಒಂದೇ. "ಎಷ್ಟು ಎಚ್‌ಪಿ ಮೋಟಾರ್ ಹಾಕ್ತೀಯಪ್ಪಾ?"

ಮೂರು ಎಚ್‌ಪಿ ಸಾಕು ಅಂದರೆ ಅವರಿಗೆ ಸಮಾಧಾನ ಇಲ್ಲ. ಪಕ್ಕದವರು ಏಳೂವರೆ ಹಾಕಿಸಿದ್ದಾರಂತೆ. ಜಾಸ್ತಿ ಎಚ್‌ಪಿ ಇದ್ದರೆ ಜಾಸ್ತಿ ಗಟ್ಟಿ ಅನ್ನುವ ಲೆಕ್ಕ. ಬೋರ್‌ವೆಲ್‌ಗೆ ಪಂಪ್ ಕೂರಿಸಿ ಅಭ್ಯಾಸ ಆದವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಬೆಲ್ಟ್ ಕನ್ವೇಯರ್‌ನಲ್ಲಿ ಮೋಟಾರ್ ಕೊನೆಗೆ ಬರುವ ವಿಷಯ. ಒಳಗೆ ಏನು ಬೀಳುತ್ತದೆ, ಎಷ್ಟು ಎತ್ತರದಿಂದ ಬೀಳುತ್ತದೆ, ಅದು ಒದ್ದೆಯೋ ಒಣಗಿದ್ದೋ, ತಲೆ ಕಡೆಯಲ್ಲಿ, ಅಂದರೆ ಸರಕು ಹೊರಗೆ ಬೀಳುವ ತುದಿಯಲ್ಲಿ, ಪೂರ್ತಿ ಖಾಲಿ ಆಗುತ್ತದೋ ಇಲ್ಲವೋ, ಇವನ್ನು ಯಾರೂ ಕೇಳುವುದೇ ಇಲ್ಲ. ಕನ್ವೇಯರ್ ಕೆಡುವುದು ಮಾತ್ರ ಇವುಗಳಿಂದಲೇ.

ಒಂದು ಲೆಕ್ಕ ಹಾಕೋಣ. ಒಣಗಿದ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಗಂಟೆಗೆ 20 ಟನ್, ಕೆಳಗಿನ ಗುಂಡಿಯಿಂದ 6 ಮೀಟರ್ ಎತ್ತರದ ಹಾಪರ್‌ಗೆ ಹೋಗಬೇಕು. ಬರೀ ಎತ್ತುವ ಕೆಲಸಕ್ಕೆ ಬೇಕಾದ ಶಕ್ತಿ ಎಷ್ಟು? ಟನ್ನನ್ನು ಎತ್ತರದಿಂದ ಗುಣಿಸಿ 367ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 20 ಗುಣಿಸು 6, ಭಾಗಿಸು 367. ಸುಮಾರು 0.33 ಕಿಲೋವ್ಯಾಟ್. ಅರ್ಧ ಎಚ್‌ಪಿಗಿಂತ ಕಡಿಮೆ! ಇನ್ನು ರೋಲರ್‌ಗಳ ತಿಕ್ಕಾಟ, ಬೆಲ್ಟ್‌ನ ಸ್ವಂತ ತೂಕ, ಸರಕು ಚೆಲ್ಲದಂತೆ ಬೆಲ್ಟ್ ಅಂಚಿಗೆ ಒತ್ತಿಕೊಂಡಿರುವ ಸ್ಕರ್ಟ್ ರಬ್ಬರ್ ಎಳೆತ. 25 ಮೀಟರ್ ಉದ್ದ, 500 ಮಿಲಿಮೀಟರ್ ಅಗಲದ ಬೆಲ್ಟ್, ಸೆಕೆಂಡಿಗೆ 1 ಮೀಟರ್ ವೇಗ ಅಂದುಕೊಂಡರೆ ಅದೊಂದು 0.6 ಕಿಲೋವ್ಯಾಟ್ ಆಸುಪಾಸು ಬರುತ್ತದೆ. ನೋಡಿ, ಕಾಫಿಯನ್ನು ಎತ್ತುವುದಕ್ಕಿಂತ ಕನ್ವೇಯರ್ ತನ್ನನ್ನು ತಾನೇ ತಿರುಗಿಸಿಕೊಳ್ಳುವುದಕ್ಕೆ ಹೆಚ್ಚು ಖರ್ಚು. ಎರಡೂ ಸೇರಿ 1 ಕಿಲೋವ್ಯಾಟ್ ಒಳಗೆ. ಗೇರ್‌ಬಾಕ್ಸ್ ನುಂಗುವುದನ್ನು ಸೇರಿಸಿ, ತುಂಬಿದ ಬೆಲ್ಟ್ ನಿಂತು ಮತ್ತೆ ಸ್ಟಾರ್ಟ್ ಆಗಬೇಕಲ್ಲ, ಅದಕ್ಕೂ ಕೈ ಬಿಚ್ಚಿ ಬಿಟ್ಟರೆ 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ. ಧಾರಾಳ ಆಯಿತು.

ಇದು ನನ್ನ ಸ್ವಂತ ವಿದ್ಯೆ ಏನಲ್ಲ. ಬೆಲ್ಟ್ ಕನ್ವೇಯರ್ ಡಿಸೈನ್‌ಗೆ ನಮ್ಮ ದೇಶದ್ದೇ ಕೋಡ್ ಇದೆ, ಐಎಸ್ 11592. ಲೆಕ್ಕ ಎಲ್ಲಾ ಅದರಲ್ಲಿದೆ.

ಈಗ ಜಾಗದ ವಿಷಯ. ಇಲ್ಲಿ ಜಗಳ ಆಗುವುದು ಇದಕ್ಕೇ. 6 ಮೀಟರ್ ಎತ್ತರ ಇದೆ, ಗೋಡೆಯಿಂದ ಗೋಡೆಗೆ ಜಾಗ ಕಡಿಮೆ, "15 ಮೀಟರ್‌ನಲ್ಲೇ ಹತ್ತಿಸಿಬಿಡು ಮಾರಾಯ" ಅನ್ನುತ್ತಾರೆ. 15 ಮೀಟರ್ ಬೆಲ್ಟ್‌ನಲ್ಲಿ 6 ಮೀಟರ್ ಏರಬೇಕಾದರೆ ಇಳಿಜಾರು ಹೆಚ್ಚುಕಡಿಮೆ 24 ಡಿಗ್ರಿ. ಒಣ ಚೆರಿ ಗುಂಡಗಿರುತ್ತದೆ, ನುಣುಪು ಬೆಲ್ಟ್ ಮೇಲೆ ಆ ಇಳಿಜಾರಿನಲ್ಲಿ ಕೂರುವುದೇ ಇಲ್ಲ. ಅದೂ ಬೆಲ್ಟ್ ತುಂಬಾ ಇದ್ದಾಗ ಒಂದಕ್ಕೊಂದು ಒತ್ತಿಕೊಂಡು ಹೇಗೋ ಹೋದೀತು. ಲಾಟ್ ಮುಗಿಯುತ್ತಾ ಬಂದಾಗ, ಅಲ್ಲೊಂದು ಇಲ್ಲೊಂದು ಕಾಳು ಉಳಿದಾಗ, ಅವು ಉರುಳಿ ಉರುಳಿ ಕೆಳಗೇ ಬರುತ್ತವೆ. ನಾನು 15 ಡಿಗ್ರಿ ದಾಟುವುದಿಲ್ಲ. 15 ಡಿಗ್ರಿಗೆ 6 ಮೀಟರ್ ಏರಲು ಬೆಲ್ಟ್ ಮೇಲೆ 23 ಮೀಟರ್ ಬೇಕು, ಕೆಳಗೆ ತುಂಬಿಕೊಳ್ಳುವ ಜಾಗ ಸೇರಿ 25. ಅಷ್ಟು ಜಾಗ ಇಲ್ಲ ಅಂದರೆ ಬಕೆಟ್ ಸಾಲಿನಲ್ಲಿ ನೆಟ್ಟಗೆ ಮೇಲೆತ್ತುವ ಬಕೆಟ್ ಎಲಿವೇಟರ್ ಹಾಕಿಸಿ, ಬೇಜಾರಿಲ್ಲದೆ ಹೇಳುತ್ತೇನೆ. ಅಡ್ಡಪಟ್ಟಿ ಇರುವ ಕ್ಲೀಟ್ ಬೆಲ್ಟ್ ಇದೆಯಲ್ಲ ಅನ್ನುತ್ತಾರೆ. ಇದೆ. ಆದರೆ ಅದಕ್ಕೆ ಅಂಟಿದ್ದನ್ನು ಕೆರೆಯುವ ಸ್ಕ್ರೇಪರ್ ಕೂರಿಸಲು ಆಗುವುದಿಲ್ಲ, ವಾಪಸ್ ಬರುವಾಗ ಮಾಮೂಲಿ ರೋಲರ್ ಮೇಲೆ ದಡದಡ ಹೊಡೆಯುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು.

ಮೋಟಾರ್ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ದೊಡ್ಡ ಮೋಟಾರ್ ಹಾಕಿಸಿದವರ ಕಥೆ ಅರ್ಧಕ್ಕೇ ನಿಂತಿದೆ. ಮಳೆಗಾಲ. ಸಕಲೇಶಪುರದ ಕಡೆ ಒಂದು ಶೆಡ್. ಬೆಲ್ಟ್ ನಿಂತಿದೆ, ಅದನ್ನು ಎಳೆಯಬೇಕಾದ ಡ್ರಮ್ ಮಾತ್ರ ತಿರುಗುತ್ತಿದೆ, ರಬ್ಬರ್ ಸುಟ್ಟ ವಾಸನೆ. ಮಾಲೀಕರು ಮೋಟಾರ್‌ಗೆ ಶಕ್ತಿ ಸಾಲದು ಅಂತ ಏಳೂವರೆ ಎಚ್‌ಪಿ ಹಾಕಿಸಿದರು. ಬೆಲ್ಟ್ ಇನ್ನೂ ಚೆನ್ನಾಗಿ ಜಾರಿತು. ಅಲ್ವಾ ಮತ್ತೆ? ಡ್ರಮ್ ತಿರುಗುತ್ತಿದೆ ಅಂದರೆ ಮೋಟಾರ್ ತನ್ನ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಆ ಬಲ ಬೆಲ್ಟ್‌ಗೆ ದಾಟುತ್ತಿಲ್ಲ, ಅಷ್ಟೇ.

ಬಲ ದಾಟುವುದು ಹೇಗೆ ಅನ್ನುವುದು ದನ ಕಟ್ಟಿದ ಯಾರಿಗಾದರೂ ಗೊತ್ತು. ಎಳೆಯುವ ಹೋರಿಯ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಎರಡು ಬೆರಳಲ್ಲಿ ಹಿಡಿದರೂ ನಿಲ್ಲುತ್ತದೆ. ಬೆಲ್ಟ್ ಮತ್ತು ಡ್ರಮ್ ನಡುವೆ ಆಗುವುದೂ ಅದೇ. ಸುತ್ತು ಎಷ್ಟು, ಗೂಟ ಎಷ್ಟು ಒರಟು, ಸಡಿಲ ತುದಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ, ಈ ಮೂರರ ಮೇಲೆ ಎಲ್ಲಾ ನಿಂತಿದೆ. ಇದಕ್ಕೆ ಆಯ್ಲರ್ ಮತ್ತು ಐಟೆಲ್‌ವೈನ್ ಅನ್ನುವ ಇಬ್ಬರ ಹೆಸರಿನ ಸೂತ್ರ ಇದೆ. ಅರ್ಧ ಸುತ್ತು, ಅಂದರೆ 180 ಡಿಗ್ರಿ, ಒಣ ಡ್ರಮ್, ತಿಕ್ಕಾಟದ ಗುಣಾಂಕ 0.35 ಇದ್ದರೆ ಬಿಗಿ ಕಡೆಯ ಎಳೆತ ಸಡಿಲ ಕಡೆಯದರ 3 ಪಟ್ಟು ತನಕ ಹೋಗಬಹುದು, ಅದು ದಾಟಿದರೆ ಜಾರುತ್ತದೆ. ನಮ್ಮ ಚೆರಿ ಕನ್ವೇಯರ್‌ಗೆ ಬೇಕಾದ ಎಳೆತ, ಅಂದರೆ ಆ ಎರಡು ಕಡೆಗಳ ವ್ಯತ್ಯಾಸ, 950 ನ್ಯೂಟನ್. ಹಾಗಾದರೆ ಸಡಿಲ ಕಡೆ 475 ನ್ಯೂಟನ್ ಇರಲೇಬೇಕು, ಸುಮಾರು 48 ಕಿಲೋ ತೂಕ ನೇತುಹಾಕಿದಷ್ಟು. ಅದೇ ಬರೀ ಕಬ್ಬಿಣದ ಡ್ರಮ್ ಮೇಲೆ ನೀರು ಬಿತ್ತು ಅಂದುಕೊಳ್ಳಿ. ಗುಣಾಂಕ 0.1ಕ್ಕೆ ಇಳಿಯುತ್ತದೆ. 3 ಪಟ್ಟು ಇದ್ದದ್ದು 1.37 ಪಟ್ಟಾಗುತ್ತದೆ. ಈಗ ಸಡಿಲ ಕಡೆ ಬೇಕಾದ ಬಿಗಿ 2,570 ನ್ಯೂಟನ್, 260 ಕಿಲೋ ಮೇಲೆ. ಅದೇ ಕಾಫಿ, ಅದೇ ಬೆಲ್ಟ್, ಅದೇ ಮೋಟಾರ್. ಒಂದು ಮಳೆ ಬಂದದ್ದಕ್ಕೆ ಐದು ಪಟ್ಟಿಗಿಂತ ಜಾಸ್ತಿ ಬಿಗಿ ಬೇಕಾಯಿತು.

ಆಗ ಫಿಟ್ಟರ್ ಬಂದು ಬಾಲದ ಕಡೆ, ಅಂದರೆ ಕೆಳತುದಿಯ ಡ್ರಮ್ ಹತ್ತಿರ, ಸ್ಕ್ರೂ ಬಿಗಿ ಮಾಡುತ್ತಾನೆ. ಜಾರುವುದು ನಿಲ್ಲುತ್ತದೆ. ಎಲ್ಲರಿಗೂ ಖುಷಿ. ಮಳೆ ಹೋದ ಮೇಲೆ ಆ ಬಿಗಿಯನ್ನು ಯಾರೂ ಸಡಿಲ ಮಾಡುವುದಿಲ್ಲ. ಬೇರಿಂಗ್ ಹೋಗುತ್ತದೆ, ಶಾಫ್ಟ್ ಬಾಗುತ್ತದೆ, ಬೆಲ್ಟ್ ಜಾಯಿಂಟ್ ಬಾಯಿ ಬಿಡುತ್ತದೆ. ಕೊನೆಗೆ ಬೈಗುಳ ಬೆಲ್ಟ್ ಕೊಟ್ಟವನಿಗೆ.

ಮಾಡಬೇಕಾದ್ದು ಇಷ್ಟೇ. ತಲೆ ಡ್ರಮ್‌ಗೆ ರಬ್ಬರ್ ಲ್ಯಾಗಿಂಗ್, ಅಂದರೆ ಹೊದಿಕೆ, ಹಾಕಿ, ಮೀನಿನ ಮುಳ್ಳಿನ ಹಾಗೆ ಗೀರು ಇರುವಂಥದ್ದು. ನೀರು ಬಿದ್ದರೂ ಗೀರಿನೊಳಗೆ ಇಳಿದು ಹೊರಗೆ ಹೋಗುತ್ತದೆ, ಹಿಡಿತ ಅಷ್ಟಾಗಿ ಕುಸಿಯುವುದಿಲ್ಲ. ಜೊತೆಗೆ ಡ್ರಮ್ ಹಿಂದೆ ಒಂದು ಸಣ್ಣ ಸ್ನಬ್ ಡ್ರಮ್ ಇಟ್ಟು ಸುತ್ತನ್ನು 180ರಿಂದ 210 ಡಿಗ್ರಿಗೆ ತನ್ನಿ. ಅದೇ 0.35ಕ್ಕೆ 3 ಪಟ್ಟು ಇದ್ದದ್ದು 3.6 ಆಗುತ್ತದೆ. ದೊಡ್ಡ ಮೋಟಾರ್‌ಗೆ ಕೊಟ್ಟ ದುಡ್ಡಿನಲ್ಲಿ ಇದೆಲ್ಲ ಆಗಿ ಟೀ ಖರ್ಚಿಗೂ ಉಳಿಯುತ್ತದೆ. ಇನ್ನೊಂದು ಮಾತು, ದೊಡ್ಡ ಮೋಟಾರ್ ನೇರ ಸ್ಟಾರ್ಟರ್‌ನಲ್ಲಿ ಎದ್ದಾಗ ಬೆಲ್ಟ್‌ಗೆ ಒಮ್ಮೆಲೇ ಜಗ್ಗು ಬೀಳುತ್ತದೆ. ಜಾರುವುದು ಶುರುವಾಗುವುದೇ ಆ ಕ್ಷಣದಲ್ಲಿ.

ಜಲ್ಲಿ ಕ್ರಷರ್‌ನವರ ಲೆಕ್ಕ ಬೇರೆ. ಕ್ರಷರ್‌ನವರೂ ನಮ್ಮ ಗಿರಾಕಿಗಳೇ, ಮಾತು ಒರಟು, ದುಡ್ಡು ಬೇಗ ಕೊಡುತ್ತಾರೆ. ಒಣ ಚೆರಿ ಹಗುರ, ಅದೇ ಜಾಗ ತುಂಬುವ ನೀರಿನ ಅರ್ಧ ತೂಕವೂ ಇರುವುದಿಲ್ಲ. ಜಲ್ಲಿ ಒಂದು ಘನ ಮೀಟರ್‌ಗೆ 1.6 ಟನ್. 500 ಮಿಲಿಮೀಟರ್ ಬೆಲ್ಟ್ ಮೇಲೆ ಗುಪ್ಪೆಯಾಗಿ ಕೂರುವ ಸರಕಿನ ಅಡ್ಡಕೊಯ್ತ 0.02 ಚದರ ಮೀಟರ್ ಅಂದುಕೊಂಡರೆ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಚೆರಿ ಗಂಟೆಗೆ 30 ಟನ್ ಹೋಗುವ ಬೆಲ್ಟ್ ಮೇಲೆ ಜಲ್ಲಿ 115 ಟನ್ ಹೋಗುತ್ತದೆ. ಕಾಫಿಯವರಿಗೆ ಬೆಲ್ಟ್ ಅಗಲ ಸಾಲುತ್ತದಾ ಅನ್ನುವುದು ಪ್ರಶ್ನೆ, ಕ್ರಷರ್‌ನವರಿಗೆ ಬೆಲ್ಟ್ ತಡೆಯುತ್ತದಾ ಅನ್ನುವುದು ಪ್ರಶ್ನೆ. ಕ್ರಷರ್‌ನಿಂದ ಕಳಚಿದ ಹಳೇ ಕನ್ವೇಯರ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಕಾಫಿಗೆ ಕೂರಿಸುವವರಿದ್ದಾರೆ. ಬೇಡಿ. ಆ ರಬ್ಬರ್ ವಾಸನೆಯನ್ನು ಕಾಫಿ ಬೀಜ ಹೀರಿಕೊಳ್ಳುತ್ತದೆ. ಸಿಪ್ಪೆ ತೆಗೆದ ಬೀಜ ಓಡಾಡುವ ಕಡೆ ಆಹಾರಕ್ಕೆ ಆಗುವ ಪಿವಿಸಿ ಅಥವಾ ಪಿಯು ಬೆಲ್ಟ್ ಇರಬೇಕು.

ಹಾಗಂತ ಎಲ್ಲದಕ್ಕೂ ಬೆಲ್ಟೇ ಉತ್ತರ ಅಲ್ಲ. ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲೇ ನೋಡಿ, 2005ರ ಕೊನೆಗೆ ಗಣಿ ನಿಲ್ಲುವ ತನಕ ಅದಿರು ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿದ್ದದ್ದು ಪೈಪಿನಲ್ಲಿ, ಸುಮಾರು 67 ಕಿಲೋಮೀಟರ್. ಅದಿರನ್ನು ಹೇಗೂ ನುಣ್ಣಗೆ ಅರೆದು ನೀರಿನಲ್ಲೇ ಬೇರ್ಪಡಿಸಿರುತ್ತಿದ್ದರು, ಮೇಲಿಂದ ಕೆಳಗೆ ಇಳಿಜಾರು, ಕೆಸರಿನ ಹಾಗೆ ಹರಿಸಿಬಿಟ್ಟರು. ಅಲ್ಲಿ ಬೆಲ್ಟ್ ಎಳೆದಿದ್ದರೆ ಆ ಕಾಡು, ಆ ಮಳೆ, ಊಹಿಸಿಕೊಳ್ಳಿ. ಅದೇ ಮೇಘಾಲಯದಿಂದ ಬಾಂಗ್ಲಾದೇಶದ ಸಿಮೆಂಟ್ ಕಾರ್ಖಾನೆಗೆ ಸುಣ್ಣದ ಕಲ್ಲು ಗಡಿ ದಾಟಿ ಹೋಗುವುದು 17 ಕಿಲೋಮೀಟರ್ ಬೆಲ್ಟ್ ಮೇಲೆ. ಸರಕು ಯಾವ ರೂಪದಲ್ಲಿದೆ ಅನ್ನುವುದೇ ದಾರಿ ತೀರ್ಮಾನ ಮಾಡುತ್ತದೆ.

ಬೆಲ್ಟ್ ಆಯ್ಕೆ ಬಗ್ಗೆ ಚುಟುಕಾಗಿ. ಇಪಿ 400/3 ಅಂತ ಬರೆದಿರುತ್ತಾರೆ. ಉದ್ದಕ್ಕೆ ಪಾಲಿಯೆಸ್ಟರ್ ನೂಲು, ಅಡ್ಡಕ್ಕೆ ನೈಲಾನ್, ಮೂರು ಪದರ, ಒಂದು ಮಿಲಿಮೀಟರ್ ಅಗಲಕ್ಕೆ 400 ನ್ಯೂಟನ್ ಎಳೆದರೆ ಹರಿಯುತ್ತದೆ. ನಾವು ಅದರ ಹತ್ತನೇ ಒಂದು ಭಾಗದಷ್ಟೇ ಎಳೆಯುತ್ತೇವೆ. ಪದರ ಜಾಸ್ತಿ ಇದ್ದರೆ ಒಳ್ಳೆಯದು ಅಂತ ಐದು ಪದರದ ಬೆಲ್ಟ್ ತಂದು ಸಣ್ಣ ಡ್ರಮ್‌ಗೆ ಸುತ್ತಿದರೆ ಬಗ್ಗಿ ಬಗ್ಗಿ ಪದರ ಬಿಟ್ಟುಕೊಳ್ಳುತ್ತದೆ. ಇನ್ನು ಹಿಗ್ಗುವುದು. ಪಾಲಿಯೆಸ್ಟರ್ ಬೆಲ್ಟ್ ಶೇಕಡಾ ಒಂದೂವರೆ ಹಿಗ್ಗುತ್ತದೆ ಅಂತ ಇಟ್ಟುಕೊಂಡರೆ, 25 ಮೀಟರ್ ಕನ್ವೇಯರ್‌ನಲ್ಲಿ ಹೋಗಿ ಬರುವ ಬೆಲ್ಟ್ 50 ಮೀಟರ್, ಹಿಗ್ಗು 75 ಸೆಂಟಿಮೀಟರ್. ಬಾಲದ ಡ್ರಮ್ ಅದರ ಅರ್ಧದಷ್ಟು ಹಿಂದೆ ಸರಿಯಬೇಕು. 30 ಸೆಂಟಿಮೀಟರ್ ಸ್ಕ್ರೂ ಇಟ್ಟು ಕೊಟ್ಟಿರುತ್ತಾರೆ, ಸೀಸನ್ ಮಧ್ಯದಲ್ಲಿ ಸ್ಕ್ರೂ ಮುಗಿದು ಬೆಲ್ಟ್ ಕತ್ತರಿಸಿ ಮತ್ತೆ ಜಾಯಿಂಟ್ ಹಾಕುವ ಪಾಡು. ಪೂರ್ತಿ ನೈಲಾನ್ ಬೆಲ್ಟ್ ಇದಕ್ಕಿಂತಲೂ ಜಾಸ್ತಿ ಹಿಗ್ಗುತ್ತದೆ.

ಗೇರ್‌ಬಾಕ್ಸ್ ಕೇಳುವವರಿಗೆ: 315 ಮಿಲಿಮೀಟರ್ ಡ್ರಮ್, ಮೇಲೆ 10 ಮಿಲಿಮೀಟರ್ ಲ್ಯಾಗಿಂಗ್, 1440 ಸುತ್ತಿನ ಮೋಟಾರ್, 25ಕ್ಕೆ 1 ಗೇರ್‌ಬಾಕ್ಸ್. ಸೆಕೆಂಡಿಗೆ 1 ಮೀಟರ್ ಬರುತ್ತದೆ. ಮುಗಿಯಿತು.

ಬೆಲ್ಟ್ ನೇರ ಹೋಗದೆ ಒಂದು ಪಕ್ಕಕ್ಕೆ ಓಡುವುದು ದಿನಾ ಇರುವ ದೂರು. ನಿಯಮ ಬಹಳ ಸರಳ. ರೋಲರ್ ಸೊಟ್ಟಗಿದ್ದರೆ ಬೆಲ್ಟ್‌ನ ಯಾವ ಅಂಚು ಅದಕ್ಕೆ ಮೊದಲು ತಾಗುತ್ತದೋ ಆ ಕಡೆಗೆ ಬೆಲ್ಟ್ ಹೋಗುತ್ತದೆ. ಬೆಲ್ಟ್ ಯಾವ ಜಾಗದಲ್ಲಿ ಪಕ್ಕಕ್ಕೆ ಓಡುತ್ತಿದೆಯೋ ಅದಕ್ಕಿಂತ ಹಿಂದಿನ ರೋಲರ್‌ಗಳನ್ನು ನೋಡಬೇಕು. ನಮ್ಮವರು ಸೀದಾ ಬಾಲದ ಸ್ಕ್ರೂಗೇ ಕೈ ಹಾಕುತ್ತಾರೆ, ಒಂದು ಕಡೆ ಎಳೆದು ಇನ್ನೊಂದು ಕಡೆ ಬಿಟ್ಟು. ನಮ್ಮ ಹುಡುಗ ಒಬ್ಬ ಇದನ್ನೇ ಮಾಡುತ್ತಿದ್ದ. "ಅಣ್ಣಾ, ಈಗ ಸರಿ ಹೋಯ್ತು ನೋಡಿ" ಅಂದ. ಖಾಲಿ ಬೆಲ್ಟ್ ಸರಿಯಾಗಿಯೇ ಓಡಿತು. ಜಲ್ಲಿ ಬಿತ್ತು, ಮತ್ತೆ ಹೋಯಿತು. ಯಾಕೆಂದರೆ ಸರಕನ್ನು ಬೆಲ್ಟ್ ಮೇಲೆ ಇಳಿಸುವ ತಗಡಿನ ಚ್ಯೂಟ್‌ನಿಂದ ಜಲ್ಲಿ ಮಧ್ಯಕ್ಕೆ ಬೀಳುತ್ತಿರಲಿಲ್ಲ, ಒಂದು ಮಗ್ಗುಲಿಗೆ ಬೀಳುತ್ತಿತ್ತು.

ನನ್ನ ಪ್ರಕಾರ ಕನ್ವೇಯರ್ ಡಿಸೈನ್ ಶುರುವಾಗಬೇಕಾದ್ದೇ ಇಲ್ಲಿಂದ, ಸರಕು ಬೀಳುವ ಜಾಗದಿಂದ. ಡ್ರಾಯಿಂಗ್‌ನಲ್ಲಿ ಅದನ್ನು ಕೊನೆಗೆ ಒಂದು ಚೌಕ ಗೀಚಿ ಚ್ಯೂಟ್ ಅಂತ ಬರೆದು ಬಿಟ್ಟಿರುತ್ತಾರೆ, ತಗಡು ಕತ್ತರಿಸುವ ಹುಡುಗ ಸೈಟಲ್ಲಿ ಹೇಗೋ ಹೊಂದಿಸಿಕೊಳ್ಳಲಿ ಅಂತ. ಒಂದೂವರೆ ಮೀಟರ್ ಮೇಲಿಂದ ಬಿದ್ದ ಸರಕು ಬೆಲ್ಟ್ ಮುಟ್ಟುವಾಗ ಸೆಕೆಂಡಿಗೆ 5.4 ಮೀಟರ್ ವೇಗದಲ್ಲಿ ಇರುತ್ತದೆ. ಬೆಲ್ಟ್ ಓಡುತ್ತಿರುವುದು 1 ಮೀಟರ್‌ನಲ್ಲಿ, ಅದೂ ಬೇರೆ ದಿಕ್ಕಿಗೆ. ಆ ಹೊಡೆತ ಎಲ್ಲಿಗೆ ಹೋಗಬೇಕು? ಜಲ್ಲಿಯಾದರೆ ಬೆಲ್ಟನ್ನೇ ತಿನ್ನುತ್ತದೆ. ಕಾಫಿಯಾದರೆ ಬೀಜವೇ ಒಡೆಯುತ್ತದೆ, ದೊಡ್ಡ ಬೀಜದ ಎಎ ಗ್ರೇಡ್‌ಗೆ ಹೋಗಬೇಕಾದ್ದು ಬಿಟ್ಸ್, ಅಂದರೆ ಚೂರು, ಆಗುತ್ತದೆ. ಎರಡರ ಬೆಲೆ ವ್ಯತ್ಯಾಸ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ. ಸರಕು ನೇರ ಬೀಳದೆ ಜಾರಿಕೊಂಡು, ಬೆಲ್ಟ್ ಓಡುವ ದಿಕ್ಕಿಗೇ ತಿರುಗಿ, ಹೆಚ್ಚುಕಡಿಮೆ ಅದರ ವೇಗದಲ್ಲೇ ಬಂದು ಕೂರುವ ಹಾಗೆ ತಗಡನ್ನು ಬಾಗಿಸಬೇಕು.

ಕಲ್ಲಿಗೆ ಒಂದು ಒಳ್ಳೆ ಉಪಾಯ ಇದೆ. ಚ್ಯೂಟ್ ಒಳಗೆ ಒಂದು ಮೆಟ್ಟಿಲು ಬಿಡುವುದು. ಅದರ ಮೇಲೆ ಕಲ್ಲು ತಾನೇ ಗುಡ್ಡೆಯಾಗಿ ಕೂರುತ್ತದೆ, ಆಮೇಲೆ ಬೀಳುವ ಕಲ್ಲು ತಗಡಿಗೆ ಹೊಡೆಯದೆ ಆ ಕಲ್ಲಿಗೇ ಹೊಡೆಯುತ್ತದೆ. ತಗಡು ವರ್ಷಗಟ್ಟಲೆ ಉಳಿಯುತ್ತದೆ. ಕ್ರಷರ್ ಕೆಲಸದಲ್ಲಿ ಪಳಗಿದ ಒಬ್ಬರು ಕಾಫಿ ಚ್ಯೂಟ್‌ಗೂ ಇದನ್ನೇ ಮಾಡಿಟ್ಟಿದ್ದರು. ನೋಡಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕಾಫಿಯಲ್ಲಿ ಒಂದು ಕಾಳೂ ಒಳಗೆ ಉಳಿಯಬಾರದು. ಒಬ್ಬ ಪ್ಲಾಂಟರ್‌ನ ಲಾಟ್ ಮುಗಿದ ಮೇಲೆ ಇನ್ನೊಬ್ಬರದು ಬರುತ್ತದೆ, ತಂದ ಕಾಫಿಗೆ ಎಷ್ಟು ಬೀಜ ಬಂತು ಅನ್ನುವ ಔಟ್‌ಟರ್ನ್ ಲೆಕ್ಕ ಪ್ರತಿಯೊಬ್ಬರಿಗೂ ಬೇರೆ ಬೇರೆ. ಮೂಲೆಯಲ್ಲಿ ಉಳಿದ ಹಳೇ ಬೀಜ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಮುಂದಿನ ಸೀಸನ್ನಿನ ಮೊದಲ ಲಾಟ್‌ಗೆ ಬೀಳುತ್ತದೆ. ಹಾಗಾಗಿ ಕಾಫಿ ಚ್ಯೂಟ್‌ನಲ್ಲಿ ಚೂಪು ಮೂಲೆ ಬೇಡ, ಬೋಲ್ಟ್ ತಲೆ ಒಳಗೆ ಚಾಚಬಾರದು, ಕೆಳಗೆ ಕೈ ಹಾಕಿ ಗುಡಿಸಲು ಒಂದು ಬಾಗಿಲು ಇರಬೇಕು.

ಅಕ್ಕಪಕ್ಕ ಚೆಲ್ಲದಂತೆ ಹಾಕುವ ಸ್ಕರ್ಟ್ ತಗಡುಗಳ ನಡುವಿನ ಅಂತರ ಬೆಲ್ಟ್ ಅಗಲದ ಮೂರರಲ್ಲಿ ಎರಡು ಭಾಗ ಇರಲಿ, ಮುಂದಕ್ಕೆ ಹೋದ ಹಾಗೆ ಸ್ವಲ್ಪ ಅಗಲವಾಗುತ್ತಾ ಹೋಗಲಿ. ಸಿಕ್ಕಿಕೊಂಡ ಕಲ್ಲು ತಾನೇ ಬಿಡಿಸಿಕೊಂಡು ಹೋಗುತ್ತದೆ. ಎಂ ಸ್ಯಾಂಡ್ ತೊಳೆಯುವವರಿಗೆ ಬೇರೆ ಗೋಳು, ಒದ್ದೆ ಮರಳು ಬೆಲ್ಟ್‌ಗೆ ಅಂಟಿಕೊಂಡೇ ವಾಪಸ್ ಬರುತ್ತದೆ, ಕೆಳಗಿನ ರೋಲರ್‌ಗೆ ಮೆತ್ತಿಕೊಳ್ಳುತ್ತದೆ, ರೋಲರ್ ಒಂದು ಕಡೆ ದಪ್ಪ ಆಗುತ್ತದೆ, ಬೆಲ್ಟ್ ಪಕ್ಕಕ್ಕೆ ಓಡುತ್ತದೆ, ಮತ್ತೆ ನಮಗೇ ಫೋನ್. ತಲೆ ಡ್ರಮ್‌ಗೆ ಒಳ್ಳೆ ಸ್ಕ್ರೇಪರ್, ಬಾಲದ ಡ್ರಮ್‌ಗೆ ಮುಂಚೆ ಬೆಲ್ಟ್ ಒಳಮೈಗೆ ಬಿದ್ದದ್ದನ್ನು ಪಕ್ಕಕ್ಕೆ ತಳ್ಳುವ ವಿ ಆಕಾರದ ಪ್ಲೌ. ಇವೆರಡಕ್ಕೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಹೇಳಿಬಿಡುತ್ತೇನೆ.

ಕೆಟ್ಟ ಬೀಜ ಕೈಯಲ್ಲಿ ಆರಿಸುವ ಗಾರ್ಬ್ಲಿಂಗ್ ಬೆಲ್ಟ್ ಬಗ್ಗೆಯೂ ಬರೆಯಬೇಕು. ಕಲರ್ ಸಾರ್ಟರ್ ಮೆಷಿನ್ ಬಂದ ಮೇಲೆ ಇದು ಕಡಿಮೆ ಆಗಿದೆ, ಆದರೆ ಹೋಗಿಲ್ಲ. ಹೆಂಗಸರು ಎರಡೂ ಕಡೆ ಕೂತು ಕಪ್ಪು ಬೀಜ, ಬೋರರ್ ಹುಳುವಿನ ತೂತು ಬಿದ್ದದ್ದು, ಒಡೆದದ್ದು ಆರಿಸುತ್ತಾರೆ. ಇಲ್ಲಿ ಟನ್, ಎಚ್‌ಪಿ ಲೆಕ್ಕಕ್ಕೇ ಬರುವುದಿಲ್ಲ. ಕೂತವರ ಕೈ ಬೆಲ್ಟ್ ಮಧ್ಯಕ್ಕೆ ಮೈ ಬಗ್ಗಿಸದೆ ಎಟುಕಬೇಕು, ಮಂಡಿ ಬೆಲ್ಟ್ ಕೆಳಗೆ ಹೋಗಲು ಜಾಗ ಇರಬೇಕು, ಬೀಜ ಒಂದರ ಮೇಲೊಂದು ಇಲ್ಲದೆ ಒಂದೇ ಪದರ ಹರಡಿರಬೇಕು. ವೇಗವನ್ನು ಅಲ್ಲಿ ಕೂತವರನ್ನೇ ಕೇಳಿ ಇಡಬೇಕು. ಒಂದು ಕಡೆ ಹಿರಿಯ ಹೆಂಗಸೊಬ್ಬರು, "ಸ್ವಾಮಿ, ಇದು ನಿಂತ ಮೇಲೂ ಕಣ್ಣಿಗೆ ಎಲ್ಲಾ ಹಿಂದಕ್ಕೆ ಹೋದಂಗಾಯ್ತದೆ" ಅಂದರು. ನಿಜ, ಒಂದೇ ದಿಕ್ಕಿಗೆ ಸರಿಯುವುದನ್ನು ತುಂಬಾ ಹೊತ್ತು ನೋಡಿದರೆ ಕಣ್ಣಿಗೆ ಹಾಗಾಗುತ್ತದೆ. ವೇಗ ತಗ್ಗಿಸುವ ಡ್ರೈವ್ ಕೂರಿಸಿದೆವು, ಅದರ ಗುಂಡಿಯನ್ನು ಸೂಪರ್‌ವೈಸರ್ ರೂಮಿಗೆ ಹಾಕದೆ ಬೆಲ್ಟ್ ಪಕ್ಕದಲ್ಲೇ ಹಾಕಿದೆವು. ಸೂಪರ್‌ವೈಸರ್‌ಗೆ ಇಷ್ಟ ಆಗಲಿಲ್ಲ.

ಕೊನೆಗೆ ಕರೆಂಟ್. ತುಂಬಿದ ಇಳಿಜಾರು ಬೆಲ್ಟ್ ಓಡುತ್ತಿರುವಾಗ ಕರೆಂಟ್ ಹೋದರೆ ಏನಾಗುತ್ತದೆ? ಸರಕಿನ ತೂಕ ಬೆಲ್ಟನ್ನು ಹಿಂದಕ್ಕೆ ಎಳೆಯುತ್ತದೆ, ತಿಕ್ಕಾಟ ಅದನ್ನು ತಡೆಯುತ್ತದೆ. ಎತ್ತುವ ಬಲ ತಿಕ್ಕಾಟದ ಬಲದ ಅರ್ಧಕ್ಕಿಂತ ಜಾಸ್ತಿ ಇದ್ದರೆ ಹಿಂದಕ್ಕೆ ತಿರುಗದಂತೆ ಹಿಡಿಯುವ ಹೋಲ್ಡ್‌ಬ್ಯಾಕ್ ಹಾಕಲೇಬೇಕು ಅನ್ನುವುದು ರೂಢಿಯ ನಿಯಮ. ಅರ್ಧ ಯಾಕೆ ಅಂದರೆ ಲೆಕ್ಕ ಹಾಕುವಾಗ ತಿಕ್ಕಾಟವನ್ನು ನಾವು ಜಾಸ್ತಿಯೇ ಹಿಡಿದಿರುತ್ತೇವೆ, ನಿಜದಲ್ಲಿ ಅಷ್ಟು ಇರುವುದಿಲ್ಲ. ಮೇಲೆ ಹೇಳಿದ ಚೆರಿ ಕನ್ವೇಯರ್‌ನಲ್ಲಿ ಎತ್ತುವ ಬಲ ಸುಮಾರು 327 ನ್ಯೂಟನ್, ತಿಕ್ಕಾಟ 620, ಅದರ ಅರ್ಧ 310. ಕೂದಲೆಳೆಯಲ್ಲಿ ದಾಟಿತು, ಹಾಗಾದರೆ ಹಾಕಬೇಕು. ವರ್ಮ್ ಗೇರ್‌ಬಾಕ್ಸ್ ತಾನೇ ಹಿಡಿದುಕೊಳ್ಳುತ್ತದೆ ಅನ್ನುವ ವಾದ ನಾನು ಒಪ್ಪುವುದಿಲ್ಲ, ಅಲುಗಾಟಕ್ಕೆ ಅದು ಬಿಟ್ಟುಬಿಡಬಹುದು. ಹಿಂದಕ್ಕೆ ಓಡಿದರೆ ಬಾಲದ ಗುಂಡಿಯ ಹತ್ತಿರ ಇರುವವರ ಮೇಲೆ ಎಲ್ಲಾ ಸುರಿಯುತ್ತದೆ.

ಬಾಲದ ಡ್ರಮ್ಮೇ ಎಲ್ಲಕ್ಕಿಂತ ಅಪಾಯದ ಜಾಗ. ಚೆಲ್ಲಿದ್ದನ್ನು ಗುಡಿಸಲು ಜನ ಅಲ್ಲೇ ಬಗ್ಗುತ್ತಾರೆ, ಬೆಲ್ಟ್ ಓಡುತ್ತಿರುವಾಗಲೇ. ಸೆರಗು, ಟವೆಲ್, ಪೊರಕೆ, ಯಾವುದು ಸಿಕ್ಕಿದರೂ ಕೈ ಅದರ ಹಿಂದೆ ಹೋಗುತ್ತದೆ. ಅಲ್ಲಿ ಜಾಲರಿ ಗಾರ್ಡ್ ಮತ್ತು ಕನ್ವೇಯರ್ ಉದ್ದಕ್ಕೂ ಎರಡೂ ಕಡೆ ಎಳೆದರೆ ನಿಲ್ಲುವ ಪುಲ್ ಕಾರ್ಡ್ ಇಲ್ಲದೆ ನಮ್ಮ ಶೆಡ್‌ನಿಂದ ಒಂದು ಕನ್ವೇಯರೂ ಹೊರಗೆ ಹೋಗುವುದಿಲ್ಲ. ರೇಟ್ ಕಡಿಮೆ ಮಾಡಲು ಅದನ್ನು ತೆಗೆಸಿ ಅನ್ನುವವರು ಬೇರೆಯವರ ಹತ್ತಿರ ಮಾಡಿಸಿಕೊಳ್ಳಲಿ.

ಈ ಸಲ ಫೋನ್ ಮಾಡುವ ಮೊದಲು ಒಂದು ಬಕೆಟ್ ಸರಕು ತೂಗಿ ನೋಡಿ, ಬೀಳುವ ಎತ್ತರ ಟೇಪ್‌ನಲ್ಲಿ ಅಳೆಯಿರಿ, ಶೆಡ್ಡಿನ ಆ ಜಾಗಕ್ಕೆ ಮಳೆ ಎರಚಲು ಬರುತ್ತದಾ ಅಂತ ನೋಡಿಟ್ಟುಕೊಳ್ಳಿ. ಎಚ್‌ಪಿ ಎಷ್ಟು ಅಂತ ನಾನೇ ಹೇಳುತ್ತೇನೆ.